ಪಪ್ಪಾಯಿ ಹಾಲಿಗೆ ಒಂದು ಕುದಿ

ಬೆಳಿಗ್ಗೆ ಎಂಟಕ್ಕೆ ಸೊಸೆ ಫೋನಿನಲ್ಲಿ ಆಡಿದ ಮಾತು ಕೇಳಿ ನರ್ಸಮ್ಮನ ಎದೆ ಧಸಕ್ಕೆಂದಿತು.

"ಇಲ್ಲ ಸಾರ್, ಬಿಸಿ ಎಲ್ಲಿಂದ ತಾಗ್ಬೇಕು? ನೆರಳಲ್ಲೇ ಇಟ್ಟಿದ್ದೆ. ಬಿಸಿ ತಾಗಿದ್ರೆ ಎಂಜೈಮ್ ಸತ್ತೇ ಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ, ಅಷ್ಟೂ ಗೊತ್ತಿಲ್ವಾ ನಂಗೆ?"

ಆ ಕಡೆ ಮಾತಾಡುತ್ತಿದ್ದವರು ಬೆಳೆ ಸಂಶೋಧನಾ ಕೇಂದ್ರದ ಮೇಷ್ಟ್ರು. ಈ ಕಡೆ ಅಡುಗೆಮನೆಯಲ್ಲಿ ನರ್ಸಮ್ಮ ಒಂದೇ ತಟ್ಟೆಯನ್ನು ಒರೆಸಿದ್ದೇ ಒರೆಸಿದ್ದು. ಯಾಕೆಂದರೆ ಸೊಸೆ ನೆರಳಲ್ಲಿಟ್ಟ ಆ ಪಪ್ಪಾಯಿ ಹಾಲನ್ನು ಕುದಿಸಿದವಳು ಅವಳೇ. ಒಂದು ದಿನವಲ್ಲ, ಎರಡು ದಿನವಲ್ಲ, ಭರ್ತಿ ಮೂರು ವಾರ!

ಮನೆಯ ಹಿಂದೆ ಮಗನ ಗಾಜಿನಮನೆ, ಅದರ ತುಂಬ ಸೌತೆಬಳ್ಳಿ. ಬಳ್ಳಿಯ ಬೇರಿಗೆ ಹುಳು ಬಿದ್ದಿತ್ತು. ಕಣ್ಣಿಗೆ ಕಾಣದ ದುಂಡುಹುಳು, ಬೇರಿನೊಳಗೆ ಹೊಕ್ಕು ಗಂಟುಗಂಟಾಗಿ ಕೂತುಬಿಡುತ್ತದೆ. ಮೇಲೆ ಬಳ್ಳಿ ನೀರಿದ್ದೂ ಬಾಡುತ್ತದೆ. ಹೋದ ವರ್ಷ ಮಗ ಮಣ್ಣಿಗೆ ವಿಷ ಹಾಕಿ ಹುಳು ಕೊಂದಿದ್ದ, ಜೊತೆಗೆ ತಾನೂ ಅಲ್ಲೇ ಉರುಳಿಬಿದ್ದಿದ್ದ. ಹನ್ನೊಂದು ದಿನ ಆಸ್ಪತ್ರೆ. "ಇನ್ನೊಂದು ಸಲ ಆ ಗಾಳಿ ಕುಡಿದ್ರೆ ನನ್ ಹತ್ರ ಕರ್ಕೊಂಡು ಬರ್ಬೇಡಿ, ನನ್ ಕೈಲಿ ಆಗಲ್ಲ" ಎಂದಿದ್ದರು ಡಾಕ್ಟರು.

ಈ ವರ್ಷ ಸೊಸೆ ಹಟ ಹಿಡಿದಳು. ಎಳೆ ಪಪ್ಪಾಯಿಕಾಯಿಯ ಹಾಲಿನಲ್ಲಿರುವ ಎಂಜೈಮ್ ಹುಳುವಿನ ಚರ್ಮವನ್ನೇ ಕರಗಿಸುತ್ತದಂತೆ, ಮನುಷ್ಯನಿಗೆ ಅಪಾಯವಿಲ್ಲವಂತೆ. ದಿನವೂ ಬೆಳಿಗ್ಗೆ ಬ್ಲೇಡಿನಿಂದ ಕಾಯಿ ಗೀರಿ, ತೊಟ್ಟಿಕ್ಕಿದ ಹಾಲಿಗೆ ನೀರು ಬೆರೆಸಿ ಹಿಂಬಾಗಿಲ ಜಗಲಿಯ ನೆರಳಲ್ಲಿ ಇಡುವಳು, ಸಂಜೆ ಬುಡಕ್ಕೆ ಹಾಕುವಳು. "ಮೂರು ವಾರ ಕೊಡ್ತೀನಿ. ಹುಳು ಕಮ್ಮಿ ಆಗ್ಲಿಲ್ಲ ಅಂದ್ರೆ ವಿಷಾನೇ ಗತಿ" ಎಂದಿದ್ದ ಮಗ.

ಜಗಲಿಯ ಮೇಲಿನ ಆ ಪಾತ್ರೆಯಲ್ಲಿ ನೊರೆ, ನೊಣ, ಮೇಲೆ ಒಂಥರಾ ವಾಸನೆ! ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ಹೆಂಗಸು ಇದನ್ನು ನೋಡಿಕೊಂಡು ಸುಮ್ಮನಿರಲು ಸಾಧ್ಯವೇ? ಕತ್ತರಿ ಕುದಿಸಿದ್ದಾಳೆ, ಬಟ್ಟೆ ಕುದಿಸಿದ್ದಾಳೆ, ನಿವೃತ್ತಿಯಾದ ಮೇಲೆ ಮಗನ ಹಲ್ಲುಜ್ಜುವ ಬ್ರಷ್ಷನ್ನೂ ಕುದಿಸಿ ಸೊಟ್ಟ ಮಾಡಿದ್ದಾಳೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಸೊಸೆ ಅತ್ತ ಗಾಜಿನಮನೆಗೆ ಹೋದದ್ದೇ ತಡ, ಇವಳು ಇತ್ತ ಪಾತ್ರೆಯನ್ನು ಒಲೆಗೇರಿಸಿ ಒಂದು ಕುದಿ ಬರಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ, ಇದ್ದ ಜಾಗದಲ್ಲೇ ಇಟ್ಟುಬಿಡುತ್ತಿದ್ದಳು. ಪಾಪ, ಒಳ್ಳೆಯದಾಗಲಿ ಅಂತಲೇ.

ಅಷ್ಟಕ್ಕೇ ಮುಗಿದಿದ್ದರೆ ಸರಿಹೋಗುತ್ತಿತ್ತು. ಮೊದಲ ವಾರವೇ ಸೊಸೆ ಕೇಳಿದ್ದಳು: "ಅತ್ತೆ, ಇದನ್ನ ಯಾರಾದ್ರೂ ಮುಟ್ಟಿದ್ರಾ?" ಬ್ರಷ್ಷಿನ ಕಥೆ ಹೇಳಿಕೊಂಡು ಇಡೀ ಓಣಿಗೆ ಓಣಿಯೇ ನಕ್ಕಿದ್ದು ನರ್ಸಮ್ಮನಿಗೆ ಮರೆತಿರಲಿಲ್ಲ. "ನಾನ್ಯಾಕೆ ಮುಟ್ಲಿ?" ಎಂದುಬಿಟ್ಟಿದ್ದಳು.

ಇವತ್ತಿಗೆ ಮೂರು ವಾರ ಮುಗಿಯಿತು. ಹುಳು ಇನ್ನೆರಡು ಸಾಲಿಗೆ ಹಬ್ಬಿದೆ. ಮಧ್ಯಾಹ್ನ ಮೂರಕ್ಕೆ ಮಗ ವಿಷದ ಡಬ್ಬ ತೆರೆಯುತ್ತಾನೆ.

ನರ್ಸಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೇಳಿಬಿಡಬೇಕು ಎಂದು ಹಿತ್ತಿಲಿಗೆ ಹೋದಳು. ಸೊಸೆ ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಹಾಗೇ ವಾಪಸು ಬಂದಳು. ಊಟಕ್ಕೆ ಕೂತಾಗ ಹೇಳಹೊರಟು, ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗಾಗಿತ್ತು ಅವಳ ಸ್ಥಿತಿ.

"ಕೂಲಿಯವರ ಕೈಲಾದ್ರೂ ಮಾಡ್ಸೋ" ಎಂದಷ್ಟೇ ಅಂದಳು.

"ಯಾಕೆ, ಅವರಿಗೇನು ಎರಡೆರಡು ಪ್ರಾಣ ಇದ್ಯಾ?" ಎಂದು ಮಗ ಕೈ ತೊಳೆಯಲು ಎದ್ದ.

ಎರಡೂವರೆ. ಎರಡೂ ಮುಕ್ಕಾಲು. ಗಾಜಿನಮನೆಯೊಳಗೆ ಮಗ ಮುಖಕ್ಕೆ ಮುಸುಕು ಕಟ್ಟಿಕೊಂಡು ಡಬ್ಬದ ಮುಚ್ಚಳಕ್ಕೆ ಕೈ ಹಾಕುವುದು ಕಿಟಕಿಯಿಂದ ಕಂಡಿತು. ನರ್ಸಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಬಾಗಿಲು ತಳ್ಳಿ, ಎರಡು ಸಾಲುಗಳ ನಡುವಿನ ಹಸಿಮಣ್ಣಿನಲ್ಲಿ ದೊಪ್ಪೆಂದು ಕೂತೇಬಿಟ್ಟಳು.

"ಅಮ್ಮಾ, ಏಳು! ತಲೆ ಗಿಲೆ ಕೆಟ್ಟಿದ್ಯಾ?"

"ಅವಳ ಹಾಲಲ್ಲಿ ತಪ್ಪಿಲ್ಲ ಕಣೋ. ನಾನು ಕುದಿಸ್ತಿದ್ದೆ. ದಿನಾ ಕುದಿಸಿ ಇಡ್ತಿದ್ದೆ."

ಹಿಂದೆಯೇ ಓಡಿಬಂದಿದ್ದ ಸೊಸೆ ಬಾಗಿಲಲ್ಲೇ ನಿಂತಳು. ಮುಖ ಕೆಂಪೇರಿತು. "ಕೇಳಿದ್ನಲ್ಲ ಅತ್ತೆ! ಬಾಯಿಬಿಟ್ಟು ಕೇಳಿದ್ನಲ್ಲ! ಮೂರು ವಾರದಿಂದ ನನ್ನ ಕೈಗುಣಾನೇ ಸರಿ ಇಲ್ಲ ಅಂತ ಅಳ್ತಾ ಇದೀನಿ ನಾನು."

ಮಗ ಮುಸುಕು ಕೆಳಗೆಳೆದ. "ಬೆಳಿಗ್ಗೆಯಿಂದ ಮನೇಲೇ ಇದ್ಯಲ್ಲಮ್ಮ. ನಾನು ಡಬ್ಬಕ್ಕೆ ಕೈ ಹಾಕೋವರೆಗೂ ಯಾಕೆ ಸುಮ್ನಿದ್ದೆ?"

"ನಾಚಿಕೆ ಆಯ್ತು ಕಣೋ" ಎಂದಳು ನರ್ಸಮ್ಮ. "ಬರೀ ನಾಚಿಕೆಗೆ."

ಮಗ ಡಬ್ಬದ ಮೇಲಿಂದ ಕೈ ತೆಗೆದು, "ಬಾಯಿಮಾತು ನಂಬಿ ಮತ್ತೆ ಮೂರು ವಾರ ಕೊಡೋಕಾಗಲ್ಲ. ಕಣ್ಣಿಗೆ ಕಾಣೋ ಹಾಗೆ ತೋರಿಸಿ, ಇವತ್ತೇ" ಎಂದ.

ಸೊಸೆ ಬ್ಲೇಡು ತೆಗೆದುಕೊಂಡು ಪಪ್ಪಾಯಿ ಗಿಡದ ಕಡೆ ನಡೆದಳು. ಗಂಟುಬಿದ್ದ ಬೇರು ನೆನೆಸಿ ಹುಳು ಇಳಿಸಿದ ನೀರು ಗಾಜಿನಮನೆಯ ಮೂಲೆಯ ಅವಳ ಮೇಜಿನ ಮೇಲೆ, ಹುಳು ಎಣಿಸಲು ಮೇಷ್ಟ್ರು ಕೊಟ್ಟಿದ್ದ ಸೂಕ್ಷ್ಮದರ್ಶಕದ ಪಕ್ಕ ಮೊದಲೇ ಇತ್ತು. ಅದನ್ನು ಎರಡು ಗಾಜಿನ ಬಟ್ಟಲಿಗೆ ಹಂಚಿದಳು. ಒಂದಕ್ಕೆ ಆಗಷ್ಟೇ ತೆಗೆದ ಹಾಲು, ಇನ್ನೊಂದಕ್ಕೆ ಬೆಳಿಗ್ಗೆ ಆ ಫೋನಿಗೂ ಮೊದಲೇ ಅತ್ತೆ ಕುದಿಸಿಟ್ಟಿದ್ದ ಹಾಲು. ಮೂರು ಜನವೂ ಕಾದರು. ನರ್ಸಮ್ಮ ಮಣ್ಣಾದ ಸೀರೆಯಲ್ಲೇ ಅತ್ತಿಂದಿತ್ತ ಓಡಾಡಿದಳು, ಹತ್ತು ಸಲ ಗಡಿಯಾರ ನೋಡಿದಳು. ಕೂತುಕೋ ಎಂದು ಒಬ್ಬರೂ ಹೇಳಲಿಲ್ಲ.

ಐದೂವರೆಗೆ ಮಗ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಒಂದು ಬಟ್ಟಲು ನೋಡಿದ, ಇನ್ನೊಂದು ನೋಡಿದ, ಮತ್ತೆ ಮೊದಲನೆಯದಕ್ಕೆ ಬಂದ. "ನೋಡಮ್ಮ" ಎಂದು ಜಾಗ ಬಿಟ್ಟ.

ನರ್ಸಮ್ಮ ಬಗ್ಗಿದಳು. ಒಂದರಲ್ಲಿ ಹುಳುಗಳು ಮೈ ಅಲ್ಲಲ್ಲಿ ಕಿತ್ತು, ಒಳಗಿನದು ಹೊರಬಂದು, ಅಲುಗಾಟವೇ ಇಲ್ಲದೆ ಬಿದ್ದಿದ್ದವು. ಇನ್ನೊಂದರಲ್ಲಿ ಆರಾಮಾಗಿ ನುಲಿದಾಡುತ್ತಿದ್ದವು.

"ಇದರಲ್ಲಿ ನಂದು ಯಾವುದು?" ಮೆಲ್ಲಗೆ ಕೇಳಿದಳು.

"ಕುಣೀತಿರೋದು" ಎಂದಳು ಸೊಸೆ.

ಮಗನಿಗೆ ನಗು ತಡೆಯಲಾಗಲಿಲ್ಲ. ಮೇಜು ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತ ಕೆಮ್ಮು ಬಂತು. ಬಂದ ಕೆಮ್ಮು ನಿಲ್ಲಲಿಲ್ಲ. ಬೆನ್ನು ಬಾಗಿತು, ಕುತ್ತಿಗೆಯ ನರ ಉಬ್ಬಿತು. ಅತ್ತೆ ಒಂದು ತೋಳು ಹಿಡಿದಳು, ಸೊಸೆ ಇನ್ನೊಂದು. ಅದು ತಗ್ಗಿ ಅವನು ಪೂರ್ತಿ ಒಂದು ಉಸಿರು ಎಳೆದುಕೊಳ್ಳುವವರೆಗೆ ಇಬ್ಬರಿಗೂ ಉಸಿರಿರಲಿಲ್ಲ.

ಸೊಸೆ ಸೀದಾ ಹೋಗಿ ವಿಷದ ಡಬ್ಬದ ಒಂದು ಹಿಡಿಕೆಗೆ ಕೈ ಹಾಕಿದಳು. ಭಾರವಿತ್ತು, ಮೇಲೇಳಲಿಲ್ಲ.

"ನೋಡ್ತಾ ನಿಂತ್ರೆ ಹೇಗೆ ಅತ್ತೆ? ಆ ಕಡೆ ಹಿಡೀರಿ" ಎಂದಳು.