ಬ್ರೇಕಿಗೆ ಹಚ್ಚಿದ ಹರಳೆಣ್ಣೆ

ಎಲೆಕ್ಟ್ರಿಕ್ ಕಾರು ತಂದಾಗಿನಿಂದ ನನ್ನ ತಮ್ಮ ಶಿವರಾಮನ ಬಾಯಿಗೆ ಬಿಡುವಿಲ್ಲ. "ಬ್ರೇಕು ತುಳಿಯೋದೇ ಇಲ್ಲ ನಾನು. ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಸಾಕು, ಗಾಡಿ ತಾನೇ ನಿಧಾನ ಆಗುತ್ತೆ, ಬ್ಯಾಟರಿನೂ ತುಂಬುತ್ತೆ" ಎಂದು ನಮ್ಮ ಅಟ್ಟೂರಿಗೆಲ್ಲ ಸಾರಿದ್ದ. ತುಳಿಯದ ಬ್ರೇಕಿಗೆ ತುಕ್ಕು ಹಿಡಿಯದೆ ಇನ್ನೇನು?

ಆಯುಧಪೂಜೆಯ ಬೆಳಿಗ್ಗೆ ಆ ತುಕ್ಕು ಅವನ ಕಣ್ಣಿಗೆ ಬಿತ್ತು. ಅಪ್ಪ ಕುಡುಗೋಲು, ಮಚ್ಚಿಗೆ ಎಣ್ಣೆ ಹಚ್ಚುತ್ತಿದ್ದ ಹಾಗೆಯೇ ಈ ಮಹಾಶಯ ನಾಲ್ಕೂ ಚಕ್ರಗಳೊಳಗಿನ ಬ್ರೇಕ್ ಡಿಸ್ಕಿಗೆ ಹರಳೆಣ್ಣೆ ಬಳಿದ. ಅಡುಗೆಮನೆಯಲ್ಲಿದ್ದ ನನಗೆ ಗೊತ್ತಾಗಲಿಲ್ಲ. ಬ್ಯಾಟರಿ ದಿನವೂ ಪೂರ್ತಿ ತುಂಬಿಸಬೇಡಿ, ಶೇಕಡಾ ಎಂಬತ್ತಕ್ಕೇ ನಿಲ್ಲಿಸಿ ಎಂದು ಶೋರೂಮಿನವರು ಹೇಳಿದ್ದರು. ಅದನ್ನು ನೆನಪಿಸಿದರೆ, "ಹಬ್ಬದ ದಿನ ಮನೇಲಿ ಯಾವ್ದೂ ಅರೆಬರೆ ಇರ್ಬಾರ್ದು ಕಣಕ್ಕ" ಎಂದು ನೂರಕ್ಕೆ ಏರಿಸಿದ.

ದೃಷ್ಟಿಗೆಂದು ಕುಂಬಳಕಾಯಿ ಒಡೆದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಕ್ರದಡಿಯ ನಿಂಬೆಹಣ್ಣು ಜಜ್ಜಿ, ಇಳಿಜಾರಿಗೆ ಬಿಟ್ಟ. ತುಂಬಿದ ಬ್ಯಾಟರಿ ಇನ್ನಷ್ಟು ಕರೆಂಟು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕಾಲು ತೆಗೆದರೂ ಕಾರು ನಿಧಾನವಾಗಲಿಲ್ಲ. ಗಾಬರಿಯಲ್ಲಿ ಬ್ರೇಕು ತುಳಿದ, ಎಣ್ಣೆ ಮೆತ್ತಿದ ಡಿಸ್ಕು ಹಿಡಿಯಲಿಲ್ಲ. ಕಾರು ಬೀದಿ ಕೊನೆಯ ಕಸದ ಗುಡ್ಡೆಗೆ ನುಗ್ಗಿ, ಕೊಳೆತ ಕೋಳಿಕರುಳಿನೊಳಗೆ ಮೂತಿ ಹೂತು ನಿಂತಿತು. ಚೆಂಡುಹೂವಿನ ಹಾರದ ಮೇಲೆ ಹುಳು ಹರಿದಾಡಿತು. ಕೆಳಗಿಳಿದು ನೋಡಿದರೆ ಚಕ್ರದೊಳಗೆಲ್ಲ ಎಣ್ಣೆಜಿಡ್ಡು.

"ಏನೋ ಬಳಿದಿದ್ದೀಯ ಚಕ್ರಕ್ಕೆ?" ಮೂಗು ಮುಚ್ಚಿಕೊಂಡೇ ಕೇಳಿದೆ.

"ತುಕ್ಕಿತ್ತಲ್ಲಕ್ಕ, ಹರಳೆಣ್ಣೆ ಹಾಕ್ದೆ." ಬಗ್ಗಿ ಡಿಸ್ಕು ಸವರಿ ನೋಡಿದ. "ಎಣ್ಣೆದೇನೂ ತಪ್ಪಿಲ್ಲ ಬಿಡು. ಯಾರ್ದೋ ಕಣ್ಣು ಬಿದ್ದಿದೆ. ಕುಂಬಳಕಾಯಿ ಚಿಕ್ಕದಾಯ್ತು."

ಹಾಗೆಂದವನು ಜಿಡ್ಡುಗೈಯನ್ನು ನನ್ನ ಹಬ್ಬದ ಸೀರೆಯ ಸೆರಗಿಗೆ ಒರೆಸಿದ.