ಇಪ್ಪತ್ತೆರಡು ಇಂಚಿನ ಕುರ್ಚಿ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಭಾನುವಾರ ಸಂಜೆ ಹೊರಟರು. ಸೋಮವಾರ ಬೆಳಿಗ್ಗೆ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಹಾಲಿನ ಪ್ಯಾಕೆಟ್ ಬಂದಿತ್ತು. ಮೇಲಿನ ಮನೆಯವರು ಎಂದಿನಂತೆ ಏನನ್ನೋ ನೆಲಕ್ಕೆ ಬೀಳಿಸಿದರು. ಎರಡು ಲೋಟ ಕಾಫಿ ಮಾಡಿದೆ. ನನ್ನ ಗಂಡ ಕೊನೆಯ ಎರಡು ತಿಂಗಳು ಕಾಫಿ ಬಿಟ್ಟಿದ್ದರಿಂದ ಲೋಟಗಳ ಸಂಖ್ಯೆಯಲ್ಲೂ ಬದಲಾವಣೆ ಇರಲಿಲ್ಲ.

"ಆಫೀಸಿಗೆ ಹೋಗ್ತೀಯಾ?" ಅತ್ತೆ ಕೇಳಿದರು.

"ಹೋಗಲಾ?"

"ಹೋಗು. ಮನೇಲಿದ್ರೆ ನನ್ನ ಮುಖ ನೀನು, ನಿನ್ನ ಮುಖ ನಾನು ನೋಡ್ಕೊಂಡು ಕೂರಬೇಕು. ನಿನ್ನ ಮುಖ ಈಗ ನೋಡೋ ಹಾಗಿಲ್ಲ."

"ನಿಮ್ಮದು?"

"ನಂದು ಯಾವಾಗಲೂ ಹೀಗೇ."

ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಇನ್ನು ಮೂರು ನಿಮಿಷಕ್ಕೆ ಲೈನ್ ಕಟ್ಟಾಗುತ್ತದೆ ಎಂಬಂತೆ ಈಗಲೂ ಮಾತಾಡುತ್ತಾರೆ. ಮಗ ಹೋದ ಮೇಲೂ ಅದು ಬದಲಾಗಿರಲಿಲ್ಲ. ಅದೊಂದು ಸಮಾಧಾನ.

ನಾನು ಕೆಲಸ ಮಾಡುವುದು ಅಂಗವಿಕಲರ ಸೇವಾಸಂಸ್ಥೆಯೊಂದರಲ್ಲಿ. ನಿಧಿ ಸಂಗ್ರಹ ಮತ್ತು ಬಾಹ್ಯ ಸಂಪರ್ಕದ ಮುಖ್ಯಸ್ಥೆ ಎಂದು ಬಾಗಿಲ ಮೇಲೆ ಬರೆದಿದೆ. "ಕೇಳೋ ಕೆಲಸ" ಎಂದು ಅತ್ತೆ ಅದನ್ನು ಎರಡೇ ಪದದಲ್ಲಿ ಮುಗಿಸುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಕಾರ್ಖಾನೆಗಳನ್ನು, ಆಸ್ಪತ್ರೆಗಳನ್ನು, ನಿವೃತ್ತರ ಸಂಘಗಳನ್ನು ಕೇಳುತ್ತೇನೆ. ಸಮಯ ಕೇಳುತ್ತೇನೆ, ಜಾಗ ಕೇಳುತ್ತೇನೆ, ಹಣ ಕೇಳುತ್ತೇನೆ. ನಮ್ಮ ಪತ್ರಗಳಿಗೆ ಒಂದೇ ಕಟ್ಟುನಿಟ್ಟಿನ ನಿಯಮ: ಓದಿದವರು "ಅಯ್ಯೋ ಪಾಪ" ಅನ್ನಬಾರದು. ಅಂದರೆ ಪತ್ರ ಕೆಟ್ಟಿದೆ ಎಂದರ್ಥ, ಮತ್ತೆ ಬರೆಯಬೇಕು.

ನನ್ನ ಕೋಣೆ ಗಾಲಿಕುರ್ಚಿಗಳು ಹತ್ತಿಳಿಯುವ ಇಳಿಜಾರಿನ ಪಕ್ಕದಲ್ಲೇ ಇದೆ. ದಿನವಿಡೀ ಗಾಲಿಗಳ ಸದ್ದು. ಆ ಸೋಮವಾರ ಆ ಸದ್ದು ನನ್ನ ಬಾಗಿಲ ಬಳಿ ಬಂದಾಗಲೆಲ್ಲ ಮೆತ್ತಗಾಗುತ್ತಿತ್ತು. ಪತ್ರ ಬರೆಯುವ ನನ್ನ ಸಹಾಯಕ ಟೀ ತಂದಿಟ್ಟ. ಅರ್ಧ ಗಂಟೆಗೆ ಇನ್ನೊಂದು ತಂದಿಟ್ಟ. ಯಾವ ಮಾತನ್ನೂ ಪೂರ್ತಿ ಮಾಡದ ಅವನಿಗೆ ಆಫೀಸಿನಲ್ಲಿ ಅಲ್ಪವಿರಾಮ ಎಂದು ಹೆಸರು.

"ಮೇಡಂ, ಏನಾದ್ರೂ ಬೇಕಿದ್ರೆ, ಅಂದ್ರೆ ಏನೂ ಬೇಡ ಅಂದ್ರೂ, ನಾನು..."

"ಮೊದಲನೇ ಟೀನೇ ಮುಗಿದಿಲ್ಲ" ಅಂದೆ.

ಹನ್ನೊಂದಕ್ಕೆ ಹಲ್ಲಿನವಳು ಬಂದಳು. ಅವಳು ಕೃತಕ ಹಲ್ಲು ಕಟ್ಟುವ ಕೆಲಸ ಕಲಿತವಳು. ನಮ್ಮ ತರಬೇತಿ ಮುಗಿಸಿ ಎರಡು ವರ್ಷವಾಗಿದ್ದರೂ ಕೆಲಸ ಸಿಕ್ಕಿರಲಿಲ್ಲ. ಯಾರು ಸಿಕ್ಕಿದರೂ ಮೊದಲು ಬಾಯಿ ನೋಡುತ್ತಾಳೆ.

"ಮೇಡಂ, ನೀವು ನಿದ್ದೇಲಿ ಹಲ್ಲು ಕಡೀತಿದ್ದೀರಿ" ಎಂದಳು, ನಮಸ್ಕಾರಕ್ಕೂ ಮೊದಲು. "ಮುಂದಿನ ಎರಡೂ ಸವೆದಿವೆ."

ಎರಡು ವಾರದಲ್ಲಿ ನನ್ನನ್ನು ನೋಡಿ ಯಾರೂ ಹೇಳಿರದ ಮಾತು. ನಗು ಬಂತು.

"ಅದನ್ನ ಹೇಳೋಕೆ ಬಂದ್ಯಾ?"

"ಕೆಲಸ ಸಿಕ್ತು. ಹೇಳೋಕೆ ಬಂದೆ. ಆದ್ರೆ ಒಳಗೆ ಹೋಗೋಕೆ ಆಗ್ತಿಲ್ಲ."

ದಂತ ಪ್ರಯೋಗಾಲಯ ಒಂದು ಹಳೆಯ ಬಾಡಿಗೆ ಕಟ್ಟಡದಲ್ಲಿತ್ತು. ಒಳಕೋಣೆಯ ಬಾಗಿಲು ಇಪ್ಪತ್ತನಾಲ್ಕು ಇಂಚು. ಅವಳ ಗಾಲಿಕುರ್ಚಿ ಇಪ್ಪತ್ತಾರು. ಗೋಡೆ ಒಡೆಯಲು ಕಟ್ಟಡದ ಮಾಲೀಕ ಒಪ್ಪುವುದಿಲ್ಲ. ಪ್ರಯೋಗಾಲಯದ ಡಾಕ್ಟರು ಒಳ್ಳೆಯವರೇ, ಆದರೆ ಬರುವ ಸೋಮವಾರದ ತನಕ ಮಾತ್ರ ಕಾಯಬಲ್ಲರು. ಆ ಜಾಗಕ್ಕೆ ಇನ್ನಿಬ್ಬರು ಕಾದಿದ್ದಾರೆ.

"ಇಪ್ಪತ್ತೆರಡರದ್ದು ಒಂದು ಬೇಕು ಮೇಡಂ. ಎರವಲು ಕೋಣೇಲಿ ಅಕ್ಕನ್ನ ಕೇಳಿದೆ. ಇಲ್ಲ ಅಂದ್ರು. ಇಲ್ಲ ಅಂತ ಹೇಳಿ ಒಳಗೆ ಹೋಗ್ಬಿಟ್ರು. ಯಾವತ್ತೂ ಹಾಗೆ ಮಾಡೋರಲ್ಲ."

ಎರವಲು ಕೋಣೆ ನಮ್ಮ ಹಿಂಭಾಗದ ಕಟ್ಟಡದಲ್ಲಿದೆ. ಗಾಲಿಕುರ್ಚಿ, ಊರುಗೋಲು, ವಾಕರ್, ಸ್ನಾನದ ಸ್ಟೂಲು, ಇವನ್ನೆಲ್ಲ ಬೇಕಾದವರು ಸರದಿಯಲ್ಲಿ ಒಯ್ದು, ಬೇಡವಾದಾಗ ತಂದುಕೊಡುತ್ತಾರೆ. ಅದನ್ನು ನೋಡಿಕೊಳ್ಳುವ ಉಗ್ರಾಣದಕ್ಕ ತಾನೂ ಗಾಲಿಕುರ್ಚಿಯಲ್ಲೇ ಇರುವವಳು. ಅವಳ ಬಾಯಿಗೆ ಹೆದರದವರು ಸಂಸ್ಥೆಯಲ್ಲಿ ಇಲ್ಲ.

"ಸೋಮವಾರದ ಒಳಗೆ ತರಿಸ್ತೀನಿ" ಅಂದೆ.

ಬಹಳ ದಿನಗಳ ಮೇಲೆ ನನಗೊಂದು ಗಟ್ಟಿಯಾದ ಕೆಲಸ ಸಿಕ್ಕಿತ್ತು. ಬಣ್ಣದ ಕಾರ್ಖಾನೆಯ ಯಜಮಾನರಿಗೆ ಫೋನ್ ಮಾಡಿದೆ. ಅವರು ಅರ್ಧ ಮಾತಿಗೇ ಒಪ್ಪಿದರು. ಎರಡು ಕೊಡಿಸುತ್ತೇನೆ ಅಂದರು. ಆದರೆ ಅಷ್ಟು ಕಿರಿದಾದ ಕುರ್ಚಿಯನ್ನು ಅಳತೆ ಕೊಟ್ಟೇ ಮಾಡಿಸಬೇಕು. ತಯಾರಕರು ಆರು ವಾರ ಬೇಕೆಂದರು. ಹಣ ಇತ್ತು, ವಾರ ಇರಲಿಲ್ಲ. ಹಾಗಾಗಿ ಎರವಲಿಗೇ ಹುಡುಕಬೇಕಾಯಿತು. ಮಂಗಳವಾರ ಐದು ಕಡೆ ಫೋನ್ ಮಾಡಿದೆ, ಬುಧವಾರ ಆರು ಕಡೆ. ವೃದ್ಧಾಶ್ರಮ, ಪುನರ್ವಸತಿ ಕೇಂದ್ರ, ಕೊನೆಗೆ ಒಂದು ಹೋಟೆಲಿಗೂ ಮಾಡಿದೆ. ಎಲ್ಲರೂ ಮೊದಲು ಸಂತಾಪ ಹೇಳಿದರು, ಆಮೇಲೆ ಇಲ್ಲ ಎಂದರು. ಸಂತಾಪ ಮುಗಿಯುವ ತನಕ ಪೆನ್ಸಿಲ್ ಚೂಪು ಮಾಡುತ್ತಿದ್ದೆ.

ನಾನು ಹೀಗೆ ಫೋನ್ ಮಾಡುತ್ತಿದ್ದಾಗಲೆಲ್ಲ ಅಲ್ಪವಿರಾಮ ಬಾಗಿಲ ಬಳಿ ಬಂದು ನಿಲ್ಲುವನು.

"ಏನು?"

"ಏನಿಲ್ಲ ಮೇಡಂ, ಅದೇ, ಆ ಕುರ್ಚಿ ವಿಷಯ..."

"ಸಿಕ್ತಾ?"

"ಸಿಕ್ಕೋದು ಅಂದ್ರೆ..." ಎಂದು ಹೋಗಿಬಿಡುವನು. ಮತ್ತೆ ಟೀ ಬರುವುದು.

ಗುರುವಾರ ಮೂಳೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಫೋನಿನಲ್ಲಿ ಸಿಕ್ಕಳು. ವಿಶ್ವವಿದ್ಯಾಲಯದಲ್ಲಿ ನನ್ನ ಸಹಪಾಠಿ. ಸಂತಾಪವನ್ನು ಮೊದಲೇ ಹೇಳಿದ್ದರಿಂದ ನೇರ ವಿಷಯಕ್ಕೆ ಬಂದಳು.

"ಅಲ್ಲ ಕಣೇ, ಊರೆಲ್ಲ ಯಾಕೆ ಸುತ್ತುತೀಯ? ನಿಮ್ಮಲ್ಲೇ ಒಂದಿತ್ತಲ್ಲ ಇಪ್ಪತ್ತೆರಡರದ್ದು. ಏಳು ತಿಂಗಳ ಹಿಂದೆ ನಾನೇ ಕೇಳಿದ್ದೆ. ಎರವಲು ಹೋಗಿದೆ ಅಂದಿದ್ರು ನಿಮ್ಮ ಉಗ್ರಾಣದಾಕೆ."

ಫೋನ್ ಇಟ್ಟು ಹಿಂಭಾಗದ ಕಟ್ಟಡಕ್ಕೆ ನಡೆದೆ. ಉಗ್ರಾಣದಕ್ಕ ಒಂದು ಊರುಗೋಲಿನ ಬುಡಕ್ಕೆ ಹೊಸ ರಬ್ಬರು ಹಾಕುತ್ತಿದ್ದಳು.

"ಅಕ್ಕಾ, ನಮ್ಮಲ್ಲಿ ಇಪ್ಪತ್ತೆರಡು ಇಂಚಿಂದು ಇತ್ತಂತೆ?"

"ಇತ್ತು."

"ಯಾರ ಹತ್ರ ಇದೆ?"

ಅವಳು ರಬ್ಬರನ್ನು ಒತ್ತಿದಳು. ಅದು ಆಗಲೇ ಕೂತಾಗಿತ್ತು. ಮತ್ತೆ ಒತ್ತಿದಳು.

"ಅವರಿಗಿನ್ನೂ ಬೇಕಿದ್ರೆ ಬೇಡ" ಅಂದೆ. "ಬೇಡದಿದ್ರೆ ನಾನೇ ಹೋಗಿ ಕೇಳ್ತೀನಿ. ಕೇಳೋದೇ ತಾನೇ ನನ್ನ ಕೆಲಸ?"

"ಅವರಿಗೆ ಬೇಡ ಮೇಡಂ" ಎಂದಳು ತಲೆ ಎತ್ತದೆ. "ಈಗ ಬೇಡ."

ಆಗ ಗೊತ್ತಾಯಿತು.

ಕುರ್ಚಿ ನನ್ನ ಮಲಗುವ ಕೋಣೆಯಲ್ಲಿ, ಕಿಟಕಿಯ ಕೆಳಗಿತ್ತು. ಅದರ ಮೇಲೆ ನಾನು ಒಗೆದ ಬಟ್ಟೆ ಹಾಕುತ್ತಿದ್ದೆ. ಗಂಡನ ಕಾಲುಗಳು ಸೋಲತೊಡಗಿದ ಮೇಲೆ, ನಾನು ದಾನಿಗಳನ್ನು ನೋಡಲು ಎರಡು ದಿನ ಬೇರೆ ಊರಿಗೆ ಹೋಗಿದ್ದಾಗ, ಅದು ಮನೆಗೆ ಬಂದಿತ್ತು. ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು ಎಂದಿದ್ದ. ನಮ್ಮ ಬಚ್ಚಲ ಬಾಗಿಲೂ ಕಿರಿದು, ಎಷ್ಟು ಸರಿಹೊಂದಿತು ನೋಡು ಎಂದಿದ್ದ. ಮೂರು ದಿನದಿಂದ ಊರಿನ ಕುರ್ಚಿಗಳನ್ನೆಲ್ಲ ಅಳೆಸುತ್ತಿದ್ದ ನನಗೆ ಅದು ಹೊಳೆದೇ ಇರಲಿಲ್ಲ. ಎರವಲಿನದೆಂದು ಗೊತ್ತಿರಲಿಲ್ಲ, ಸರಿ. ಆದರೆ ಅದೊಂದು ಕುರ್ಚಿ ಎಂಬುದೇ ಮರೆತಿತ್ತು.

"ನನಗ್ಯಾಕೆ ಹೇಳಲಿಲ್ಲ?"

"ಯಾವಾಗ? ಆಗಲಾ, ಈಗಲಾ?"

"ಎರಡೂ."

"ಆಗ, ಸರ್ ಬೇಡ ಅಂದಿದ್ರು. ಅರ್ಜಿ ಹಾಕಿ ಎರಡು ತಿಂಗಳು ಸರದೀಲಿ ಕಾದ್ರು, ಗೊತ್ತಾ? ವಾರಕ್ಕೊಂದ್ಸಲ ಕೋಲೂರಿಕೊಂಡು ಬಂದು ಆ ಬೆಂಚಿನ ಮೇಲೆ ಕೂರೋರು. ಎಷ್ಟನೇ ನಂಬರಿಗೆ ಬಂತು ಅಂತ ಕೇಳೋರು. ನಾನೇ ಒಂದಿನ ಬೈದೆ, ನಿಮ್ಮ ಹೆಂಡ್ತಿ ಒಂದು ಮಾತು ಹೇಳಿದ್ರೆ ನಾಳೇನೇ ಸಿಗುತ್ತೆ ಅಂತ. ಅದಕ್ಕೇ ಹೇಳಬೇಡಿ ಅಂದ್ರು. ಅವಳಿಗೆ ಗೊತ್ತಾದ್ರೆ ನನ್ನನ್ನ ಸರದೀಲಿ ಮುಂದೆ ತಳ್ಳೋಕೂ ಆಗಲ್ಲ, ಹಿಂದೆ ಬಿಡೋಕೂ ಆಗಲ್ಲ, ನಿದ್ದೆ ಕೆಡುತ್ತೆ ಅಂದ್ರು."

ಸರದಿ ಎಲ್ಲರಿಗೂ ಒಂದೇ ಎಂದು ಕರಪತ್ರದಲ್ಲಿ ಬರೆದವಳು ನಾನೇ. ಸಿಬ್ಬಂದಿಯ ಮನೆಯವರಿಗೂ ಎಂದು ಕೆಳಗೆ ಇನ್ನೊಂದು ಸಾಲು ಸೇರಿಸಿದವಳೂ ನಾನೇ.

"ಮತ್ತೆ ಈಗ?"

"ಈಗ ಹೇಗೆ ಕೇಳೋದು ಮೇಡಂ? ಬಾಯಿ ಬರಲಿಲ್ಲ. ಮೂರು ದಿನದಿಂದ ಅಲ್ಪವಿರಾಮನ್ನ ಕಳಿಸ್ತಿದ್ದೀನಿ. ಅವನು ಹೋಗಿ ಟೀ ಕೊಟ್ಟು ಬರ್ತಾನೆ."

"ಅಂದ್ರೆ ಎಲ್ಲರಿಗೂ ಗೊತ್ತು."

"ಎಲ್ಲರಿಗೂ."

ಊರನ್ನೆಲ್ಲ ಕೇಳಿ ಬದುಕುವ ಇಪ್ಪತ್ತು ಜನ. ಅಪರಿಚಿತರ ಮನೆಯ ಬಾಗಿಲು ತಟ್ಟಲು ನಾಚದವರು. ಒಂದು ಕುರ್ಚಿಯನ್ನು ನನ್ನ ಹತ್ತಿರ ಕೇಳಲಾರದೆ ಮೂರು ದಿನ ಮುಖ ಮುಖ ನೋಡಿಕೊಂಡಿದ್ದರು. ಆ ಕಡೆ ಹಲ್ಲಿನವಳ ಸೋಮವಾರ ಹತ್ತಿರವಾಗುತ್ತಿತ್ತು.

"ಅಕ್ಕಾ, ನೀವು ನನಗೆ ಅಯ್ಯೋ ಪಾಪ ಅಂದ್ರಿ."

ಉಗ್ರಾಣದಕ್ಕ ಊರುಗೋಲನ್ನು ಕೆಳಗಿಟ್ಟಳು. "ಅಂದೆ" ಎಂದಳು. "ತಪ್ಪಾಯ್ತು. ನನಗೆ ಯಾರಾದ್ರೂ ಅಂದ್ರೆ ಅವರ ಹಲ್ಲು ಉದುರಿಸ್ತೀನಿ. ನಿಮಗೆ ನಾನೇ ಅಂದೆ."

"ಉದುರಿಸಿದ್ರೆ ಕಟ್ಟೋಕೆ ಒಬ್ಬಳಿದ್ದಾಳೆ. ಅವಳು ಮೊದಲು ಒಳಗೆ ಹೋಗಬೇಕು."

ಅಕ್ಕ ನಕ್ಕಳು. ನಾನೂ ನಕ್ಕೆ ಎಂದು ಕಾಣುತ್ತದೆ, ಯಾಕೆಂದರೆ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದ ಅಲ್ಪವಿರಾಮ ಧೈರ್ಯವಾಗಿ ಒಳಗೆ ಬಂದ.

ಸಂಜೆ ಮನೆಗೆ ಹೋಗಿ ಬಟ್ಟೆಗಳನ್ನು ಮಡಿಸಿ ಕಪಾಟಿಗಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಗೊತ್ತಾಯ್ತಾ?"

"ನಿಮಗೂ ಗೊತ್ತಿತ್ತಾ!"

"ಟ್ಯಾಕ್ಸಿ ಹಿಡಿದು ತಂದಿದ್ದು ಯಾರು ಅಂದ್ಕೊಂಡೆ? ಅಲ್ಲಿಂದ ಟ್ಯಾಕ್ಸಿ ನಿಲ್ಲೋ ಜಾಗದ ತನಕ ನನ್ನನ್ನೇ ಅದರಲ್ಲಿ ಕೂರಿಸಿ ತಳ್ಳಿದ. ಅಮ್ಮಾ, ನೀನು ಕೂತ್ಕೋ, ನನಗೆ ಹಿಡ್ಕೊಂಡು ನಡೆಯೋಕೆ ಆಸರೆ ಆಗುತ್ತೆ ಅಂದ. ರಸ್ತೇಲಿ ಜನ ಪೇಷೆಂಟು ನಾನೇ ಅಂದ್ಕೊಂಡು ದಾರಿ ಬಿಟ್ರು."

ಹೇಳುತ್ತಾ ನಗುತ್ತಿದ್ದರು. ಆಮೇಲೆ ಒದ್ದೆ ಬಟ್ಟೆ ತಂದು ನೆಲದ ಮೇಲೆ ಕೂತು ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಒರೆಸಿದರು. ನಾನು ಇನ್ನೊಂದು ಗಾಲಿ ಹಿಡಿದೆ. ಒಳ್ಳೆಯ ಕೆಲಸ ಅದು. ಕೂದಲು, ದಾರ, ಎಲ್ಲಿಯದೋ ಮರಳು, ಎಲ್ಲ ಬಂತು.

"ಇಟ್ಕೊಳ್ಳೋಣ ಅನ್ನಿಸ್ತಾ?" ಕೇಳಿದೆ.

"ಅನ್ನಿಸ್ತು. ಅನ್ನಿಸಿದ್ರೆ ಏನಂತೆ? ನಾಳೆ ಬೆಳಿಗ್ಗೆ ಹೊರಡು."

ಶುಕ್ರವಾರ ಖಾಲಿ ಕುರ್ಚಿ ತಳ್ಳಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಅರ್ಧ ದಾರಿಗೆ ಕೈಚೀಲವನ್ನು ಅದರಲ್ಲೇ ಇಟ್ಟೆ. ಡ್ರೈವರು ಗಾಲಿಕುರ್ಚಿ ಹತ್ತಿಸುವ ಹಲಗೆಯನ್ನು ಇಳಿಸಿ ನನ್ನ ಹಿಂದೆ ಇಣುಕಿದ.

"ಕೂರೋರು ಎಲ್ಲಮ್ಮಾ?"

"ಮುಂದೆ ಕಾಯ್ತಿದ್ದಾರೆ."

"ಚೀಲಕ್ಕೆ ಟಿಕೆಟ್ ಬೇಡ ಬಿಡಿ" ಎಂದ.

ಎರವಲು ಕೋಣೆಯಲ್ಲಿ ಅಕ್ಕ ಸಿದ್ಧಳಾಗಿದ್ದಳು. ಪಕ್ಕದಲ್ಲಿ ಹಲ್ಲಿನವಳು, ತನ್ನ ಅಗಲ ಕುರ್ಚಿಯಲ್ಲಿ. ನೆಲದ ಮೇಲೆ ಇಪ್ಪತ್ತನಾಲ್ಕು ಇಂಚು ಅಳೆದು ಎರಡು ಗೆರೆ ಎಳೆದಿದ್ದರು. ನಾನು ಯಾರೋ ಎಂಬಂತೆ ಅಕ್ಕ ಕೆಲಸ ಶುರು ಮಾಡಿದಳು. ಎರಡೂ ಬ್ರೇಕು ಹಾಕಿ ನೋಡಿದಳು. ಮುಂದಿನ ಸಣ್ಣ ಗಾಲಿ ತಿರುಗಿಸಿದಳು. ಕೂರುವ ದಿಂಬನ್ನು ತಟ್ಟಿದಳು. ಇದರಲ್ಲಿ ಅವಳಿಗೆ ನಾನು ಮೇಡಂ ಅಲ್ಲ, ಸಾಮಾನು ತಂದವಳು. ನನಗೂ ಅದೇ ಬೇಕಿತ್ತು.

"ಎಡಗಡೆ ಬ್ರೇಕು ಸಡಿಲ."

"ಗೊತ್ತು. ಇಳಿಜಾರಿನಲ್ಲಿ ಎರಡು ಸಲ ಒತ್ತಬೇಕು."

"ಬಿಗಿ ಮಾಡ್ತೀನಿ." ಅವಳು ವಾಪಸಾತಿಯ ಹಾಳೆ ತೆಗೆದಳು. ಅದರಲ್ಲಿ ಒಂದು ಪ್ರಶ್ನೆ ನನ್ನದು. ದಾನಿಗಳಿಗೆ ವರದಿ ಬರೆಯಲು ಅನುಕೂಲವಾಗಲಿ ಎಂದು ನಾಲ್ಕು ವರ್ಷದ ಹಿಂದೆ ನಾನೇ ಸೇರಿಸಿದ್ದು. ಅಕ್ಕ ಅದನ್ನು ಬಿಡುತ್ತಾಳೇನೋ ಎಂದುಕೊಂಡೆ. ಅವಳು ಪೆನ್ನಿನ ತುದಿ ಇಟ್ಟು ಓದಿದಳು. "ಇದರಿಂದ ಏನು ಸಾಧ್ಯವಾಯಿತು?"

ಈ ಪ್ರಶ್ನೆಗೆ ಜನ ಬರೆಸಿದ ನೂರಾರು ಉತ್ತರಗಳನ್ನು ನಾನು ತಿದ್ದಿದ್ದೇನೆ, ಚಂದ ಮಾಡಿದ್ದೇನೆ.

"ಬಚ್ಚಲಿಗೆ ತಾವೇ ಹೋಗ್ತಿದ್ರು" ಅಂದೆ. "ಯಾರನ್ನೂ ಕರೀತಿರಲಿಲ್ಲ. ಕೊನೇ ವಾರದ ತನಕ."

ಅಕ್ಕ ಹಾಗೆಯೇ ಬರೆದುಕೊಂಡಳು, ಒಂದು ಪದ ಬದಲಿಸದೆ.

"ಯಾರ ಹೆಸರಲ್ಲಿ ವಾಪಸ್ ಬರೀಲಿ? ನಿಮ್ಮದಾ?"

"ಅವರದೇ ಬರೀರಿ. ತಗೊಂಡು ಹೋದೋರು ಅವರು."

ಸಹಿಯ ಜಾಗದಲ್ಲಿ ಮಾತ್ರ ನಾನು ಬರೆದೆ. ಅಷ್ಟರಲ್ಲಿ ಹಲ್ಲಿನವಳು ಎರಡೂ ಕುರ್ಚಿಗಳನ್ನು ಪಕ್ಕಪಕ್ಕ ತಂದುಕೊಂಡು, ಅಂಗೈ ಊರಿ, ಒಂದೇ ಸಲಕ್ಕೆ ಕಿರಿದಾದ ಕುರ್ಚಿಗೆ ಜಾರಿಕೊಂಡಿದ್ದಳು. ಗೆರೆಗಳ ನಡುವೆ ಹೋದಳು. ಎಡಕ್ಕೆ ಒಂದಿಂಚು, ಬಲಕ್ಕೆ ಒಂದಿಂಚು ಉಳಿಯಿತು. ತಿರುಗಿ ಬಂದು ಮತ್ತೆ ಹೋದಳು.

"ಮೇಡಂ, ಇದು ಒಂಚೂರು ಬಲಕ್ಕೆ ಎಳೆಯುತ್ತೆ" ಎಂದಳು.

"ಹೌದು" ಅಂದೆ. "ಎಡಗೈಯಲ್ಲಿ ಸ್ವಲ್ಪ ಮೆತ್ತಗೆ ತಳ್ಳು, ಬಲಗೈಯಲ್ಲಿ ಜೋರಾಗಿ. ಎರಡು ದಿನಕ್ಕೆ ರೂಢಿ ಆಗುತ್ತೆ."