ಬ್ರೇಕಿಗೆ ಬೇರೆ ಬಟ್ಟೆ

ಮನೆಯೆಲ್ಲ ಮಲಗಿದ ಮೇಲೆ ಹಿತ್ತಲಿನಿಂದ ಟಿಕ್ ಟಿಕ್ ಟಿಕ್ ಎಂಬ ಸಣ್ಣ ಸದ್ದು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಹಗ್ಗ ಕಂಡರೂ ಹಾವೆಂದು ಬೆಚ್ಚುವ ಸೊಸೆಗೆ ಅಷ್ಟು ಸಾಕು. ಗೊರಕೆ ಹೊಡೆಯುತ್ತಿದ್ದ ಗಂಡನನ್ನು ಎಬ್ಬಿಸಲೂ ಭಯ, ಎಬ್ಬಿಸದಿರಲೂ ಭಯ. ಕೊನೆಗೆ ಒಬ್ಬಳೇ ಹೋಗಿ ಅಡುಗೆಮನೆಯ ಹಿಂಬಾಗಿಲನ್ನು ಬೆರಳಗಲ ತೆರೆದಳು.

ಕಳ್ಳರಲ್ಲ, ಅತ್ತೆ. ಮಗನ ಹಳೆಯ ಪ್ಯಾಂಟನ್ನು ಮಂಡಿತನಕ ಮಡಚಿಕೊಂಡು, ಅವನ ಗುಡ್ಡ ಹತ್ತುವ ಸೈಕಲ್ಲಿನ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಸೈಕಲ್ಲಿನ ಮೈತುಂಬ ಕೆಸರು. ಅತ್ತೆಯ ಮೊಣಕೈಯಲ್ಲೂ ಅಷ್ಟೇ.

ಹೋದ ವರ್ಷ ಮೆಟ್ಟಿಲಲ್ಲಿ ಜಾರಿ ಅತ್ತೆ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಅಂದಿನಿಂದ ಮಗನದು ಒಂದೇ ಮಾತು: "ಅಮ್ಮ, ಇನ್ನೊಂದು ಸಲ ಸೈಕಲ್ ಮುಟ್ಟಿದ್ರೆ ಮಾರಿಬಿಡ್ತೀನಿ." ತಾನು ಮಾತ್ರ ಕೊಂಡ ಹೊಸದರಲ್ಲಿ ನಾಲ್ಕು ದಿನ ಮೆರೆಸಿ ಅದನ್ನು ಮೂಲೆಗೆ ಒರಗಿಸಿದ್ದ.

"ಅತ್ತೆ! ಬಿದ್ರಾ?"

"ಶ್! ಬಿದ್ದಿಲ್ಲ ಕಣೇ. ಗುಡ್ಡದ ದಾರೀಲಿ ಕೆಸರಿತ್ತು, ಹಾರ್ತು. ಸಂಜೆನೇ ತೊಳೆಯೋಣ ಅಂದ್ರೆ ನಿನ್ನ ಗಂಡ ಬೇಗ ಬಂದು ವಕ್ಕರಿಸಿದ. ಹೀಗೇ ಬಿಟ್ರೆ ಚೈನು ತುಕ್ಕು ಹಿಡಿಯುತ್ತೆ."

ಬೆಳಗಾಗಲಿ, ಗಂಡನಿಗೆ ಹೇಳಿಬಿಡುತ್ತೇನೆ ಎಂದುಕೊಂಡಳು ಸೊಸೆ. ನಾಳೆ ಏನಾದರೂ ಆದರೆ ಸುಮ್ಮನಿದ್ದ ಪಾಪ ತನ್ನದೇ ಅಲ್ಲವೆ?

ಆದರೆ ಒಳಗೆ ಹೋಗಲು ಕಾಲೇಳಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ತಲೆ ನರೆಸಿಕೊಂಡ ಅತ್ತೆಯ ಕೈಗಳು ಅವು. ಚೊಂಬಿನಿಂದ ನೀರನ್ನು ಮೇಲಿನಿಂದ ಸಣ್ಣಗೆ ಬಿಟ್ಟು, ಕೆಸರು ನೆನೆದು ತಾನಾಗಿ ಜಾರುವವರೆಗೆ ಕಾದು, ಆಮೇಲಷ್ಟೇ ಮೆತ್ತನೆಯ ಬ್ರಷ್ಷು. ಗಾಯ ತೊಳೆದಂತೆ.

"ಪೈಪಲ್ಲಿ ಜೋರಾಗಿ ಬಿಟ್ರೆ ಬೇಗ ಆಗಲ್ವಾ?"

"ಆಗುತ್ತೆ. ಕೆಸರಿನ ಜೊತೆ ಗಾಲಿಯೊಳಗಿನ ಗ್ರೀಸೂ ತೊಳೆದು ಹೋಗುತ್ತೆ."

ಕೈಕಟ್ಟಿ ನಿಲ್ಲಲಾರದೆ ಸೊಸೆ ಅಲ್ಲಿದ್ದ ಬಟ್ಟೆಯೊಂದನ್ನು ಎತ್ತಿಕೊಂಡು, ಗಾಲಿಯ ನಡುವೆ ಮಿನುಗುತ್ತಿದ್ದ ಬ್ರೇಕಿನ ಬಿಲ್ಲೆಯನ್ನು ಒರೆಸಹೋದಳು. ಫಕ್ಕನೆ ಅತ್ತೆ ಅವಳ ಕೈ ಹಿಡಿದರು.

"ಅಯ್ಯೋ, ಅದು ಚೈನಿನ ಬಟ್ಟೆ, ಎಣ್ಣೆ ಇದೆ! ಬ್ರೇಕಿಗೆ ಬೇರೆ ಬಟ್ಟೆ. ಅಲ್ಲಿ ಒಂದು ತೊಟ್ಟು ತಾಗಿದ್ರೂ ಇಳಿಜಾರಲ್ಲಿ ಬ್ರೇಕು ಹಿಡಿಯಲ್ಲ, ಸೈಕಲ್ಲು ಮರಕ್ಕೆ ಗುದ್ದಿದ ಮೇಲೇ ನಿಲ್ಲೋದು."

ಅತ್ತೆ ಹಿಡಿದದ್ದು ಬಲಗೈಯಿಂದ. ಮುರಿದು ಕೂಡಿದ ಕೈ. ಆ ಹಿಡಿತದಿಂದ ಬಿಡಿಸಿಕೊಳ್ಳಲು ಸೊಸೆಗೆ ಆಗಲಿಲ್ಲ. ಬಿಡಿಸಿಕೊಳ್ಳುವ ಮನಸ್ಸೂ ಆಗಲಿಲ್ಲ. ತನಗೆ ಭಯವಿತ್ತು, ಈ ಹೆಂಗಸಿಗೆ ಎಚ್ಚರವಿತ್ತು. ಎರಡೂ ಒಂದೇ ಎಂದು ಇಷ್ಟು ದಿನ ತಿಳಿದಿದ್ದಳಲ್ಲ!

ಅತ್ತೆ ಒಣಬಟ್ಟೆಯಿಂದ ಒರೆಸಿದರು, ಚೈನಿನ ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು ಹೆಚ್ಚಾದದ್ದನ್ನು ತೆಗೆದರು, ಎರಡೂ ಬ್ರೇಕು ಒತ್ತಿ ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿದರು. ಅದು ಅಲುಗಲಿಲ್ಲ.

"ಹೇಗೆ? ಈಗ ತಾನೇ ಅಂಗಡಿಯಿಂದ ತಂದ ಹಾಗಿಲ್ವಾ?"

"ಅದೇ ತೊಂದರೆ ಅತ್ತೆ. ಯಾರೂ ಮುಟ್ಟದ ಸೈಕಲ್ಲು ಹೀಗೆ ಹೊಳೆಯುತ್ತಾ?"

ಸೊಸೆ ಕಸದ ಮೊರದಿಂದ ಚಿಟಿಕೆ ಧೂಳು ತಂದಳು.

"ಸೀಟಿಗೆ ಮಾತ್ರ," ಎಂದು ಅತ್ತೆ ಅಂಗಲಾಚಿದರು, "ಚೈನಿಗೆ ಬೇಡ ಕಣಮ್ಮ."

"ಸರಿ. ಇನ್ನು ಮೇಲೆ ಹೋಗೋವಾಗ ನನಗೊಂದು ಮಾತು ಹೇಳಿ ಹೋಗಬೇಕು."

ಹಾಸಿಗೆಗೆ ಮರಳಿದಾಗ ಗಂಡ ನಿದ್ದೆಗಣ್ಣಲ್ಲೇ ಕೇಳಿದ, "ಏನೇ ಅದು ಸದ್ದು?"

"ಬೆಕ್ಕು. ಮಲಗಿ."

ಅವನ ಗೊರಕೆ ಮತ್ತೆ ಶುರುವಾಯಿತು. ಎಣ್ಣೆಯ ವಾಸನೆಯ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, ನಾಳೆಯೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅವಳು ತೀರ್ಮಾನಿಸಿದಳು.